ಚಿಕ್ಕತಾಯಿಗೆ ಬೀಗದ ಕೈ ಕೊಡು

ತಮ್ಮ ಶಿವಲಿಂಗನಿಗೆ,

ಮೊನ್ನೆ ಭಾನುವಾರ ಇಲ್ಲಿ ಅಮೆರಿಕದ ಮೌಂಟನ್ ವ್ಯೂ ಪಾರ್ಕಿನಲ್ಲಿ, ಹಿಂದೆ ಲಂಡನ್ನಿನಲ್ಲಿ ವಕೀಲಿಕೆ ಮಾಡಿದ ಇಸ್ಮತ್ ಒಂದು ಕಥೆ ಹೇಳಿದಳು. ಮನೋರೋಗ ಕೆರಳಿದಾಗ ಗಂಡನನ್ನು ಕೊಂದವಳನ್ನು ಅಲ್ಲಿನ ಕೋರ್ಟು ಸುಮ್ಮನೆ ಬಿಡಲಿಲ್ಲ. ಆದರೆ ಕಾಯಿಲೆಯಿಂದಾಗಿ ಅವಳ ಹೊಣೆ ಕಡಿಮೆಯೆಂದು ಕೊಲೆಯ ಆರೋಪವನ್ನು ಅದಕ್ಕಿಂತ ಕೆಳಗಿನ ಅಪರಾಧಕ್ಕೆ ಇಳಿಸಿತಂತೆ.

“ಕೊಲೆ ಕೊಲೆನೇ ಕಣಮ್ಮ!” ಎಂದರು ನಮ್ಮ ಜೊತೆ ಕೂತಿದ್ದ ಮಂಡ್ಯದ ಪುಟ್ಟಸ್ವಾಮಣ್ಣ.

“ಜ್ವರದಲ್ಲಿ ಬೈದೋರ ಮೇಲೂ ಪಂಚಾಯ್ತಿ ಸೇರಿಸ್ತೀರಾ ಅಣ್ಣಾ?” ಇಸ್ಮತ್ ಬಿಡಲಿಲ್ಲ.

ನಮ್ಮ ತಂಗಿ ಚಿಕ್ಕತಾಯಿಯದೂ ಇದೇ ಕಥೆಯೆಂದು ನಾನು ಎಲ್ಲರೆದುರೇ ಹೇಳಿದೆ. ಶಿಕ್ಷೆ ಮುಗಿಸಿ ಬಂದವಳು ದೇವಸ್ಥಾನದ ಜಗಲಿಯಲ್ಲಿ ಮಲಗಬಾರದು. ಊರಿನ ನನ್ನ ಮನೆಯ ಬೀಗದ ಕೈ ಅವಳಿಗೆ ಕೊಡು. ಅಡ್ಡ ಬಂದವರು ನನ್ನನ್ನು ಕೇಳಲಿ. ಅವಳ ಮಾತ್ರೆ ತಪ್ಪಿಸಬೇಡ. ನನ್ನ ಮಂಡಿನೋವು ಕಡಿಮೆ.

ಮಾರನೆಯ ಬೆಳಿಗ್ಗೆ ಪುಟ್ಟಸ್ವಾಮಣ್ಣ ನನ್ನನ್ನು ಕಂಡು ದಾರಿ ಬದಲಿಸಿದರು. ನಾನು ಈ ಪೋಸ್ಟ್ ಕಾರ್ಡು ಕೊಂಡೆ. ಲಕೋಟೆಗೆ ಬೇಕೆಂದೇ ಹಾಕಿಲ್ಲ, ಅಂಚೆಯವನಿಂದ ಹಿಡಿದು ಊರೆಲ್ಲ ಓದಲಿ.

ನಿನ್ನ ಅಕ್ಕ