ಹೊರಡದ ನೇರಳಕ್ಕಿಗಳು

ಇಸವಿ ೨೨೩೧, ಮೂರನೆಯ ಭಾದ್ರಪದ
ಕೆರೆದಂಡೆ ಹೂಲಿ

ಪುಷ್ಪಾವತಿ ಅಜ್ಜಿಯವರಿಗೆ ಸಂಗವ್ವ ಹೂಲಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನೀವು ಒಂದು ವರ್ಷದಲ್ಲಿ ಹೆಚ್ಚೆಂದರೆ ಒಂದು ಅಧಿಕ ಮಾಸ ಕಂಡವರು. ನಮ್ಮಲ್ಲಿ ಬಿಸಿಲು ಇಳಿಯುವುದೇ ಇಲ್ಲ, ಬಿಸಿಲು ಇಳಿಯದೆ ಮುಂದಿನ ತಿಂಗಳಿಗೆ ಕಾಲಿಡಲು ಮನಸ್ಸಾಗದ ನಮ್ಮ ಹಿರಿಯರು ಭಾದ್ರಪದವನ್ನೇ ಮೂರು ಸಲ ಎಣಿಸುವ ರೂಢಿ ಮಾಡಿದರು. ಮೂರನೆಯದು ಮುಗಿಯುತ್ತಲೇ ಬಿಳಿಗಾಳಿ ಬೀಸುತ್ತದೆ. ಬಿಳಿಗಾಳಿ ಎಂದರೆ ಈ ದೊಡ್ಡ ಸರೋವರದ ಮೇಲಿಂದ ಒಮ್ಮೆಲೇ ನುಗ್ಗುವ ಚಳಿ. ಸೆಕೆಗೂ ಚಳಿಗೂ ನಡುವೆ ಹದವಾದ ದಿನಗಳು ಇದ್ದವಂತೆ, ನಾನು ಕಂಡಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅಮೆರಿಕದ ಈ ದಂಡೆಯಲ್ಲಿ ಎಂಟು ತಲೆಮಾರು ನಮ್ಮೊಳಗೆ ನಾವೇ ಆಡಿಕೊಂಡು ಬಂದ ಕನ್ನಡವಿದು, ಅಲ್ಲಲ್ಲಿ ಸವೆದಿದೆ, ಅಲ್ಲಲ್ಲಿ ತೇಪೆ ಹಾಕಿದ್ದೇವೆ. ಇನ್ನೊಂದು ವಿಚಿತ್ರವೆಂದರೆ ನಾನು ಅರವತ್ತು ದಾಟಿದವಳು, ನೀವು ಇನ್ನೂ ನಲವತ್ತರ ಆಸುಪಾಸಿನವರು, ಮೊಣಕಾಲು ನೋವಿಲ್ಲದೆ ಏಣಿ ಹತ್ತುವವರು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡಿ.

ನಿಮ್ಮ ಕಥೆ ನಮ್ಮ ಮನೆಯ ಪ್ರತಿ ಮಗುವಿಗೂ ಗೊತ್ತು. ಊರಿನ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ನೀವು. ಈ ಸರೋವರದ ದಂಡೆಗೆ ಸಂಸಾರ ಹೂಡಿದ ಹೊಸತರಲ್ಲಿ ಪಕ್ಕದ ಹಿತ್ತಲಿನ ಎತ್ತರದ ಕಂಬಕ್ಕೆ ಸಾಲಾಗಿ ತೂಗುಬಿಟ್ಟ ಬಿಳಿ ಬುರುಡೆಗಳನ್ನು ಕಂಡು, "ಇವ್ರೂ ಈಜ ಕಲ್ಯಾಕ ಬುರಡಿ ಒಣಗ ಹಾಕ್ಯಾರೇನ?" ಎಂದು ಬಿದ್ದು ಬಿದ್ದು ನಕ್ಕಿರಂತೆ. ಆ ಮನೆಯ ಮುದುಕ ವಿಷಯ ತಿಳಿಸಿದಾಗ ನಗು ನಿಂತಿತು. ಪರ್ಪಲ್ ಮಾರ್ಟಿನ್ ಎಂದು ನೀವು ಕರೆಯುವ, ಗಂಡು ಹಣ್ಣು ನೇರಳೆಯಂತೆ ಮಿರುಗುವ ಆ ಹಕ್ಕಿಯನ್ನು ನಾವು ನೇರಳಕ್ಕಿ ಎನ್ನುತ್ತೇವೆ. ಹಿಂದೆ ಅದು ಮರದ ಪೊಟರೆಯಲ್ಲಿ ಗೂಡು ಮಾಡುತ್ತಿತ್ತು. ಈ ನೆಲದ ಮೂಲ ಜನರು ಅದಕ್ಕೆ ಸೋರೆಬುರುಡೆ ತೂಗುಹಾಕಿ ಮನೆ ಕೊಟ್ಟರು, ಆಮೇಲೆ ಬಂದವರೂ ಕೊಟ್ಟರು, ಕೊನೆಗೆ ಮನುಷ್ಯ ಕೊಟ್ಟ ಮನೆಯ ಹೊರತು ಈ ಸೀಮೆಯಲ್ಲಿ ಅದಕ್ಕೆ ಬೇರೆ ಮನೆಯೇ ಇಲ್ಲವಾಯಿತು. ಅದನ್ನು ಕೇಳಿ ನಿಮಗೆ ಅನ್ನ ಸೇರಲಿಲ್ಲವಂತೆ. ಮರುವಾರವೇ ಪ್ಲಾಸ್ಟಿಕ್ ಬುರುಡೆ ತರಿಸಿ ಕಂಬ ನೆಟ್ಟಿರಿ, ಮೊದಲನೆಯದರ ಮೇಲೆ ನಿಮ್ಮ ಕೈಯಾರೆ ಕನ್ನಡ ಅಂಕಿಯಲ್ಲಿ ೧ ಬರೆದಿರಿ. ಆ ಬುರುಡೆ ಈಗಲೂ ಇದೆ. ಪ್ಲಾಸ್ಟಿಕ್ಕಿಗೆ ಸಾವಿಲ್ಲವೆಂದು ನಿಮ್ಮ ಕಾಲದವರು ಬೈಯುತ್ತಿದ್ದರಂತೆ, ನಮ್ಮ ಪಾಲಿಗಂತೂ ಅದೊಂದೇ ಉಳಿದಿದೆ. ನಿಮ್ಮ ಕೈಯೂ ನನ್ನ ಕೈಯೂ ಮುಟ್ಟಿದ ವಸ್ತು ಅದು ಬಿಟ್ಟರೆ ಇನ್ನೊಂದಿಲ್ಲ, ಆದ್ದರಿಂದ ಈ ಕಾಗದವನ್ನು ಅದರೊಳಗೇ ಇಡುತ್ತೇನೆ. ತಲುಪುವುದೆಂಬ ಭ್ರಮೆ ನನಗಿಲ್ಲ.

ನೀವು ಹಾಕಿಕೊಟ್ಟ ಕೆಲಸವನ್ನು ನಾವು ಬಿಡಲಿಲ್ಲ. ಕಂಬ ನೋಡಿಕೊಳ್ಳುವವಳಿಗೆ ನಮ್ಮಲ್ಲಿ ಕಂಬದಾಕಿ ಎನ್ನುತ್ತಾರೆ, ಬುರುಡೆ ತೂಗುವ ಇಡೀ ಚೌಕಟ್ಟಿಗೆ ವಾಡೆ. ಅತ್ತೆಯಿಂದ ಸೊಸೆಗೆ ಬರುವ ಈ ಕೆಲಸ ನನಗೆ ಮದುವೆಯಾದ ವರ್ಷ ಬಂತು. ವಾರಕ್ಕೊಮ್ಮೆ ರಾಟೆ ತಿರುಗಿಸಿ ವಾಡೆಯನ್ನು ಇಳಿಸಬೇಕು. ಪ್ರತಿ ಬುರುಡೆಯ ಪಕ್ಕದ ಮುಚ್ಚಳ ತಿರುಗಿಸಿ ಒಳಗೆ ಕೈಹಾಕಬೇಕು. ಮರಿಗಳಿಗೆ ಹೇನು ಹತ್ತಿದ್ದರೆ ಅವನ್ನು ಒಂದು ಬೋಗುಣಿಗೆ ಎತ್ತಿಟ್ಟು, ಹಳೆಯ ಹಾಸು ತೆಗೆದು, ಒಣ ಪೈನ್ ಎಲೆಯ ಹೊಸ ಹಾಸು ಹಾಸಿ, ಇದ್ದಂತೆಯೇ ಮರಳಿ ಮಲಗಿಸಬೇಕು. ತಾಯಿಹಕ್ಕಿ ಹಸಿರೆಲೆ ತಂದು ಮೊಟ್ಟೆಯ ಸುತ್ತ ಇಡುತ್ತದೆ, ಅದನ್ನು ಮಾತ್ರ ಎಸೆಯಬಾರದು. ತಳದ ತೂತು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಬೇಕು, ಇಲ್ಲದಿದ್ದರೆ ಒಂದೇ ಮಳೆಗೆ ಮರಿಗಳು ನೀರಲ್ಲಿ ಕೂರುತ್ತವೆ. ಬಿಸಿಲಿಗೆ ಒಳಗು ಕಾಯದಂತೆ ಹೊರಗೆ ಬಿಳಿ ಬಳಿಯಬೇಕು. ಹಾವು ಏರದಂತೆ ಕಂಬದ ನಡುವಿನ ತಗಡಿನ ಕೊಳವೆಗೆ ಗ್ರೀಸು ಸವರಬೇಕು. ನೀವು ದುಂಡಗೆ ಬಿಟ್ಟಿದ್ದ ಬಾಯಿಯನ್ನು ನಿಮ್ಮ ಸೊಸೆಯೇ ಅರ್ಧಚಂದ್ರಕ್ಕೆ ಬದಲಿಸಿದಳು, ನೇರಳಕ್ಕಿ ಹೊಟ್ಟೆ ಚಪ್ಪಟೆ ಮಾಡಿ ಒಳಗೆ ನುಸುಳುತ್ತದೆ, ಅದರ ಗೂಡು ಕಸಿಯುವ ದಪ್ಪೆದೆಯ ಕಬ್ಬಕ್ಕಿಗೆ ಸಾಧ್ಯವಾಗುವುದಿಲ್ಲ. ಗೂಬೆಯ ಕಾಲು ಒಳಗೆ ಎಟುಕದಂತೆ ಅವಳ ಸೊಸೆ ಬಾಯಿಗೆ ಗೇಣುದ್ದದ ಸುರಂಗ ಕೂಡಿಸಿದಳು. ಒಬ್ಬೊಬ್ಬಳೂ ಏನಾದರೊಂದು ಸುಧಾರಿಸಿಯೇ ಹೋದಳು. ಹಾಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ನೀವು ಇನ್ನೊಂದು ಪದ್ಧತಿ ಇಟ್ಟಿದ್ದಿರಿ. ಶ್ರಾವಣದಲ್ಲಿ ಹಕ್ಕಿಗಳು ಗುಂಪುಗೂಡಿ ದಕ್ಷಿಣದ ದೂರದ ಕಾಡಿಗೆ ಹೊರಡುವ ಹೊತ್ತಿಗೆ ಕಂಬಕ್ಕೆ ಕುಂಕುಮ ಹಚ್ಚಿ, ಬಂಧುಗಳನ್ನು ಬೀಳ್ಕೊಟ್ಟಂತೆ "ಹೋಗಿ ಬರ್ರಿ" ಎಂದು ಕೈಮುಗಿಯುತ್ತಿದ್ದಿರಿ. ಆಮೇಲೆ ವಾಡೆ ಇಳಿಸಿ, ಬುರುಡೆ ತೊಳೆದು, ಬಾಯಿ ಮುಚ್ಚಿ, ಅಟ್ಟಕ್ಕೆ ಹಾಕಿಬಿಡುವುದು. ವಸಂತದವರೆಗೆ ಅವಕ್ಕೂ ನಿಮಗೂ ಲೇವಾದೇವಿ ಇಲ್ಲ.

ಆದರೆ ನಮ್ಮ ಜನರ ಗುಣ ನಿಮಗೆ ಗೊತ್ತೇ ಇದೆ. ಬಂದವರು ಎದ್ದು ನಿಂತರೆ ಕೈಚೀಲ ಕಸಿದಿಟ್ಟುಕೊಂಡು, "ಹೋಗೂದೇನೈತ್ರಿ, ಇನ್ನ ನಾಕ ದಿನಾ ಇರ್ರಿ" ಎನ್ನದಿದ್ದರೆ ನಮಗೆ ಸಮಾಧಾನವಿಲ್ಲ. ನನ್ನ ಗಂಡನ ಅಜ್ಜಿಯ ಅತ್ತೆ ನೀಲಾಂಬಿಕೆಯ ಕಾಲಕ್ಕೆ ಹೋದ ಹಕ್ಕಿಗಳು ಮರಳುವುದು ಕಡಿಮೆಯಾಯಿತು. ದಕ್ಷಿಣದ ಕಾಡು ಸುಟ್ಟುಹೋಯಿತೆಂದರು, ಹಾದಿಯ ಹುಳುಹುಪ್ಪಟೆ ಸತ್ತವೆಂದರು. ಒಂದು ವಸಂತದಲ್ಲಿ ಇಡೀ ವಾಡೆಗೆ ಬೆರಳೆಣಿಕೆಯಷ್ಟೇ ಬಂದವು. ಆ ವರ್ಷ ಶ್ರಾವಣದಲ್ಲಿ ನೀಲಾಂಬಿಕೆ ಕುಂಕುಮದ ಬಟ್ಟಲು ಹಿಡಿದು ಕಂಬದ ಬುಡಕ್ಕೆ ಹೋದವಳು ಹೋಗಿ ಬರ್ರಿ ಎನ್ನಲಾರದೆ ಅತ್ತುಬಿಟ್ಟಳಂತೆ. ವಾಡೆ ಇಳಿಸಲಿಲ್ಲ. ಬುರುಡೆಗೆ ಎರಡನೆಯ ಗೋಡೆ ಕೂಡಿಸಿ ನಡುವೆ ಉಣ್ಣೆ ತುಂಬಿದಳು, ತಂತಿ ಎಳೆದು ಒಳಗೆ ಬೆಚ್ಚಗೆ ಮಾಡಿದಳು, ತೊಟ್ಟಿಯಲ್ಲಿ ಮಿಡತೆ ಸಾಕಿ ಗಾಳಿಗೆ ಎಸೆದು ಎಸೆದು ಹಾರುವಾಗಲೇ ಹಿಡಿದು ತಿನ್ನಲು ಕಲಿಸಿದಳು. ಮಿಡತೆ ಸಾಲದಾದಾಗ ಮೊಟ್ಟೆ ಹುರಿದು ಉದುರಿಸಿ ಹಾಕಿದಳು. ಕೆಲವು ಉಳಿದವು. ಹೋದವು ಸತ್ತವು, ಉಳಿದವು ಬದುಕಿ ಮರಿ ಮಾಡಿದವು. ಉಳಿದವನ್ನು ನಿಲುಹಕ್ಕಿ ಎಂದರು. ಊರಿಗೆ ಊರೇ ಅವಳನ್ನು ಹೊತ್ತು ಮೆರೆಸಿತು. ಅವಳು ತಪ್ಪು ಮಾಡಿದಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ನಾನು ಕಂಬದಾಕಿಯಾಗುವ ಹೊತ್ತಿಗೆ ನೇರಳಕ್ಕಿಗಳಿಗೆ ಶ್ರಾವಣದ ಚಡಪಡಿಕೆ ಎಂಬುದೇ ಇರಲಿಲ್ಲ. ಕಂಬದ ಸುತ್ತ ಹಾರುತ್ತವೆ, ಊಟದ ಹೊತ್ತಿಗೆ ನಮ್ಮ ಅಡುಗೆಮನೆಯ ಕಿಟಕಿಯ ಎದುರು ಬಂದು ಕೂಗುತ್ತವೆ. ನಸುಕಿನಲ್ಲಿ ಹಾಡುವ ಗಂಡುಗಳೂ ಇದ್ದವು. ನಸುಕಿನ ಆ ಹಾಡು ಆಕಾಶದಲ್ಲಿ ಹೋಗುತ್ತಿರುವ ಬೇರೆ ಹಕ್ಕಿಗಳನ್ನು ಇಲ್ಲಿ ಮನೆ ಖಾಲಿ ಇದೆ ಬನ್ನಿ ಎಂದು ಕರೆಯುವುದಕ್ಕಂತೆ. ಆಕಾಶದಲ್ಲಿ ಹೋಗುವ ಹಕ್ಕಿ ಯಾವುದೂ ಉಳಿದಿರಲಿಲ್ಲ, ಇವು ಹಾಡುತ್ತಲೇ ಇದ್ದವು. ನನ್ನ ಗಂಡ ತೀರಿಕೊಂಡ ವರ್ಷ ಆ ಹಾಡು ಕೇಳಲಾರದೆ ಕಿವಿಗೆ ಅರಳೆ ತುರುಕಿಕೊಂಡು ಮಲಗುತ್ತಿದ್ದೆ. ನಂತರ ಮೊಟ್ಟೆಗಳು ಬಂಜೆಯಾಗತೊಡಗಿದವು. ಹೊಸ ಪ್ಲಾಸ್ಟಿಕ್ ಅಚ್ಚು ಹಾಕುವವರಿಲ್ಲ, ಬಿಸಿಲಿಗೆ ಸೀಳಿದ ಬುರುಡೆಯನ್ನು ಇನ್ನೊಂದು ಸೀಳಿದ ಬುರುಡೆಯ ತುಂಡಿನಿಂದ ಬೆಸೆಯುತ್ತೇವೆ. ಮೂರು ಚಳಿಗಾಲದ ಹಿಂದೆ ತಂತಿ ಕೈಕೊಟ್ಟಿತು. ಬೆಳಗ್ಗೆ ವಾಡೆ ಇಳಿಸಿ ಮುಚ್ಚಳ ತಿರುಗಿಸಿದರೆ ಒಂದೊಂದು ಬುರುಡೆಯಲ್ಲೂ ಹಕ್ಕಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು, ಒಣ ಪೈನ್ ಎಲೆಯ ನಡುವೆ, ಕಣ್ಣು ಮುಚ್ಚಿ. ನಾನು ಒಂದೊಂದನ್ನೂ ಕೈಯಲ್ಲಿ ಹಿಡಿದು ಊದಿದೆ. ಎಲ್ಲವೂ ಕಲ್ಲು. ತುದಿಯ ಒಂದೇ ಸಾಲಿನಲ್ಲಿ ಬಿಸಿ ಉಳಿದಿತ್ತು, ಅಲ್ಲಿದ್ದವು ಬದುಕಿದವು.

ಈಗ ಹನ್ನೊಂದಿವೆ. ಪ್ರಪಂಚದಲ್ಲಿ ಬೇರೆಲ್ಲಾದರೂ ಇವೆಯೇ ಎಂದು ಕೇಳಬೇಡಿ, ನಮಗೆ ತಿಳಿದಂತೆ ಇಲ್ಲ.

ಇನ್ನು ಈ ವರ್ಷದ ಮಾತು. ಊರಿನ ಒಲೆಯಿಂದ ಮನೆಮನೆಗೆ ಹಂಚುವ ಚಳಿಗಾಲದ ಶಾಖಕ್ಕೆ ಪಾಲುಬಿಸಿ ಎನ್ನುತ್ತೇವೆ. ನೀಲಾಂಬಿಕೆಯ ಕಾಲದಿಂದ ಕಂಬಕ್ಕೂ ಒಂದು ಮನೆಯ ಪಾಲು ಸಲ್ಲುತ್ತಿತ್ತು. ಈ ಸಲ ಒಲೆಯ ಶಕ್ತಿ ಕುಂದಿದೆ. ಎರಡನೆಯ ಭಾದ್ರಪದದಲ್ಲಿ ಸಭೆ ಸೇರಿ, ಕಂಬದ ಪಾಲನ್ನು ಬಾಣಂತಿಯರ ಕೋಣೆಗೆ ಕೊಡಬೇಕೆಂದು ಗೊತ್ತುಮಾಡಿದರು. ಹಸುಗೂಸುಗಳ ಎದುರು ಹಕ್ಕಿಯ ಪರ ವಾದಿಸುವುದು ಹೇಗೆ? ಎಲ್ಲರೂ ನನ್ನ ಮುಖ ನೋಡಿದರು. ನಾನೂ ಕೈಯೆತ್ತಿದೆ. ಮನೆಗೆ ಬಂದು ಮಿಡತೆಯ ತೊಟ್ಟಿಯ ಮುಂದೆ ಕೂತು ಹೊಟ್ಟೆ ತುಂಬ ಅತ್ತೆ.

ನನ್ನ ಮೈದುನ ಕಾಶಪ್ಪ, ಬುರುಡೆಗಳ ತಂತಿ ರಿಪೇರಿ ಅವನದೇ, ಆ ಸಂಜೆ ಬಂದು ಬಾಗಿಲಲ್ಲಿ ನಿಂತ.

"ವೈನಿ, ಅವನ್ನ ಮನ್ಯಾಗ ಹಿಡದ ತಂದ ಇಟಗೊಳ್ಳೂಣು. ನಮ್ಮ ಪಾಲಿಂದ ಬೆಚ್ಚಗ ಇರ್ತಾವು."

"ಹ್ವಾದ ವರ್ಷ ಎರಡ ತಂದಿದ್ವಿ, ಮರತಿ ಏನ? ಗ್ವಾಡಿಗೆ ಬಡಕೊಂಡ ಬಡಕೊಂಡ ಸತ್ತು. ಹಾರಿಕೋತ ನೀರ ಕುಡಿಯೂ ಹಕ್ಕಿ ಅದು, ಪಾತ್ರ್ಯಾಗ ಕುಡಿತೈತೇನಪಾ?"

"ಮತ್ತೇನ ಮಾಡಾಕಿ?"

"ವಾಡೆ ಇಳಸತೀನಿ. ಬಿಸಿಲ ಇರೂದ್ರಾಗ ಹ್ವಾದ್ರ ಹೋಗ್ಲಿ."

"ಎಲ್ಲಿಗಿ ಹೋಗ್ತಾವ ವೈನಿ? ಇವರಪ್ಪ, ಇವರಜ್ಜ ಯಾರರೆ ಹಾದಿ ಕಂಡಾರೇನ?" ಎಂದ. ಚಳಿಯಲ್ಲಿ ಬುರುಡೆಯೊಳಗೆ ಸಾಯುವುದು ಖಚಿತ, ಹೋದರೆ ಹಾದಿಯಲ್ಲಿ ಸಾಯುವುದು ಹೆಚ್ಚುಕಡಿಮೆ ಖಚಿತ. ಆ ಹೆಚ್ಚುಕಡಿಮೆಯನ್ನು ನೆಚ್ಚಿಕೊಂಡೆ. ರಕ್ತದಲ್ಲಿ ಎಲ್ಲೋ ಒಂದು ಹನಿ ನೆನಪು ಉಳಿದಿರಬಹುದು, ಮನೆ ಇಲ್ಲವೆಂದು ಕಂಡರೆ ಅದು ಎಚ್ಚರಾಗಬಹುದು ಎಂದುಕೊಂಡೆ. ಆದರೂ ಇಳಿಸಲು ಮನಸ್ಸು ಬಾರದೆ ಮೂರನೆಯ ಭಾದ್ರಪದ ಮುಗಿಯುತ್ತ ಬರುವವರೆಗೂ ದಿನ ದೂಡಿದೆ. ಇವತ್ತು ನಸುಕಿಗೆ, ಎಷ್ಟೋ ತಲೆಮಾರಿನ ಮೇಲೆ ಮೊದಲ ಬಾರಿಗೆ, ಕುಂಕುಮ ತೆಗೆದುಕೊಂಡು ಕಂಬದ ಬಳಿ ಹೋದೆ.

ಬೆಳಕಾಗಿ ಹಕ್ಕಿಗಳು ಮೇಯಲು ಹಾರಿದ ಹೊತ್ತಿನಲ್ಲಿ ನಾನೂ ಕಾಶಪ್ಪನೂ ರಾಟೆ ತಿರುಗಿಸಿ ವಾಡೆ ಇಳಿಸಿದೆವು. ಬುರುಡೆಗಳನ್ನು ಬಿಚ್ಚಿ ತೊಳೆದು ಬಾಯಿಗಳಿಗೆ ಬಿರಡೆ ಬಡಿದೆವು, ನೀವು ಮಾಡುತ್ತಿದ್ದ ಹಾಗೆಯೇ. ಹಕ್ಕಿಗಳು ಮರಳಿದವು. ಅವು ಏನು ಮಾಡಿದವು ಗೊತ್ತೇ ಅಜ್ಜಿ? ಮೇಲೆ, ಬುರುಡೆಗಳು ಮೊದಲಿದ್ದ ಅದೇ ಎತ್ತರದಲ್ಲಿ, ಅದೇ ಜಾಗದಲ್ಲಿ, ಒಂದೊಂದೂ ತನ್ನ ತನ್ನ ಬಾಗಿಲಿದ್ದ ಕಡೆ ರೆಕ್ಕೆ ಬಡಿಯುತ್ತ ಬರಿಯ ಗಾಳಿಯಲ್ಲಿ ನಿಂತವು. ಒಳಗೆ ನುಸುಳಲು ಹೊಟ್ಟೆ ಚಪ್ಪಟೆ ಮಾಡಿಕೊಂಡು ಮುಂದೆ ಹೋಗಿ, ಏನೂ ಸಿಗದೆ ತಿರುಗಿ, ಮತ್ತೆ ಬಂದು ನಿಂತವು. ಮಧ್ಯಾಹ್ನದವರೆಗೂ ಹಾಗೆಯೇ ಮಾಡಿದವು. ಕಾಶಪ್ಪ ನೋಡಲಾರದೆ ಒಳಗೆ ಹೋದ. ಒಳಗಿನಿಂದಲೇ, "ಮತ್ತ ಏರಸೂಣೇನ ವೈನಿ?" ಎಂದು ಕೂಗಿದ. ನಾನು ಬೇಡವೆಂದೆ. ಇಳಿಹೊತ್ತಿಗೆ ದಣಿದು ನಮ್ಮ ಅಡುಗೆಮನೆಯ ಮಾಡಿನ ಅಂಚಿನಲ್ಲಿ ಸಾಲಾಗಿ ಕೂತವು.

ನಾನು ಅಂಗಳದಲ್ಲಿ ನಿಂತು ಕೈಮುಗಿದೆ. ನೀವು ಹೇಳುತ್ತಿದ್ದಂತೆಯೇ, ಬಂಧುಗಳಿಗೆ ಹೇಳುವಂತೆ, "ಹೋಗಿ ಬರ್ರಿ" ಎಂದೆ.

ಮೊಟ್ಟೆಯಿಂದ ಹೊರಬಂದ ದಿನದಿಂದ ಅವು ನನ್ನ ದನಿ ಕೇಳಿದ್ದು ಊಟದ ಹೊತ್ತಿಗೆ ಮಾತ್ರ. ಹನ್ನೊಂದೂ ಹಕ್ಕಿ ಮಾಡು ಬಿಟ್ಟು ನನ್ನ ಕಡೆಗೇ ಇಳಿದು ಬಂದು ಬಾಯಿ ತೆರೆದವು. ಒಂದು ನನ್ನ ಭುಜದ ಮೇಲೆ ಕೂತಿತು. ಇನ್ನೂ ಜೋರಾಗಿ ಹೇಳಿದೆ, ಬೈದೆ, ಕೂಗಿದೆ. ಕೂಗಿದಷ್ಟೂ ಹತ್ತಿರ ಬಂದವು.

ಅವಕ್ಕೆ ಕೊನೆಯ ಮಿಡತೆಗಳನ್ನು ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಕೆರೆಯ ಕಡೆಯಿಂದ ಗಾಳಿ ತಿರುಗಿದೆ, ಕಿಟಕಿಯ ಗಾಜು ತಣ್ಣಗಾಗುತ್ತಿದೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಕಂಬ ನೆಡಬೇಡಿ ಎನ್ನಲಾರೆ, ನೀವು ಕೇಳುವವರೂ ಅಲ್ಲ. ಬುರುಡೆ ತೂಗುಹಾಕಿ, ತೊಳೆಯಿರಿ, ಹೇನು ತೆಗೆಯಿರಿ, ಬಾಯಿ ಬದಲಿಸಿ, ಅವಕ್ಕೆ ಬೇಕಾದ ಎಲ್ಲವನ್ನೂ ಮಾಡಿ. ಆದರೆ ಅಜ್ಜಿ, ಮಾಡುವಾಗ ಬಾಯಿ ಮುಚ್ಚಿಕೊಂಡು ಮಾಡಿ. ನಿಮ್ಮ ದನಿಯನ್ನು ಅವಕ್ಕೆ ಕಲಿಸಬೇಡಿ.

ನಿಮ್ಮವಳು,
ಸಂಗವ್ವ, ಕಡೆಯ ಕಂಬದಾಕಿ