ಆರಿನ್‌ನ ಪಾಲು

ಸಾಲ್ಮನ್, ಐಡಾಹೊ
ಡಿಸೆಂಬರ್ ೧೪

ತಮ್ಮನ ಹೆಂಡತಿ ಲೆಟಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಬೈದುಕೊಂಡಾದರೂ ಓದು.

ನಮ್ಮ ಕಡೆ ಬೇಟೆಗೆ ಪರ್ಮಿಟ್ ಸಿಗದೆ ಈ ಗೊತ್ತಿಲ್ಲದ ಬೆಟ್ಟಕ್ಕೆ ಬಂದೆ. ಮೊನ್ನೆ ಒಂದು ಹೆಣ್ಣು ಎಲ್ಕ್ ಜಿಂಕೆ ಹೊಡೆದೆ, ಒಳ್ಳೆ ಕೊಬ್ಬಿದೆ. ಆದರೆ ಹೊಡೆದದ್ದು ಕಮರಿಯ ತಳದಲ್ಲಿ. ಡೇರೆಗಿಂತ ಮೇಲೆ ನಿಂತದ್ದನ್ನೇ ಹೊಡೆಯಬೇಕು, ಮಾಂಸ ಇಳಿಸುವುದು ಸುಲಭ ಅಂತ ಊರಿಗೆಲ್ಲ ಹೇಳುವವನು ನಾನೇ. ಆರಿನ್ ಜೊತೆಗಿದ್ದಾಗ ಮಾತ್ರ ಅದನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ಎಲ್ಲಿ ಬಿದ್ದರೂ ಅವನು ಹೊತ್ತು ಮೇಲೆ ಹತ್ತುತ್ತಿದ್ದ.

ಹೇಸರಗತ್ತೆ ಬಾಡಿಗೆಗೆ ಕೊಡುವ ಕ್ಲೀಟ್ ಮೇಲಿಂದ ಕೂಗಿದ, "ಏನಜ್ಜಾ, ಅಲ್ಲಿಗೆ ನನ್ ಕತ್ತೆನೂ ಇಳಿಯಲ್ಲ. ಹೊರೋಕೆ ನಿಮ್ಮಪ್ಪ ಬರ್ತಾನಾ?"

"ನನ್ ತಮ್ಮ ಇದಾನೆ ಕಣೋ, ಹೊರ್ತಾನೆ. ನಿನ್ ಕತ್ತೆ ನೀನೇ ಇಟ್ಕೋ!" ಅಂದುಬಿಟ್ಟೆ. ಗರಗಸ ಕೊಡು ಅಂತ ಹಿಂದಕ್ಕೆ ಕೈ ಕೂಡ ಚಾಚಿದೆ. ಏಪ್ರಿಲ್‌ನಲ್ಲಿ ಆರಿನ್‌ನ ಸಮಾಧಿಗೆ ಮಣ್ಣು ಹಾಕಿದ್ದು ಇದೇ ಕೈ.

ಕ್ಲೀಟ್ ಸುತ್ತ ನೋಡಿದ. ಆಮೇಲೆ ಹಗ್ಗ ತೆಗೆದುಕೊಂಡು ಇಳಿದು ಬಂದ.

ನನ್ನ ಮಂಡಿ ಊದಿದೆ, ಸಾಯುವಂಥದ್ದೇನಲ್ಲ.

ಈ ವರ್ಷದಿಂದ ಮಾಂಸದ ಪಾಲು ಬೇಡ ಅಂತ ಹೇಳಿ ಕಳಿಸಿದ್ದೀಯಲ್ಲ, ಬೇಡ ಅನ್ನಲು ಅದು ನನ್ನದಲ್ಲ, ನಿನ್ನ ಗಂಡನದು. ಅರ್ಧ ಮಾಂಸ ಇಲ್ಲಿನ ಕಟುಕನ ಐಸ್ ಕೋಣೆಯಲ್ಲಿದೆ. ಯಾರ ಹೆಸರು ಬರೆಯಲಿ ಅಂದ, ಆರಿನ್ ಅಂದೆ. ತಂದರೆ ಬಾಗಿಲು ತೆಗೆಯುತ್ತೀಯೋ ಇಲ್ಲವೋ, ಕಟುಕ ಇಪ್ಪತ್ತೆಂಟರವರೆಗೆ ಮಾತ್ರ ಇಡುತ್ತಾನೆ, ಅಷ್ಟರೊಳಗೆ ಬರಿ.

ಹೋಬರ್ಟ್ ಭಾವ