ಎಡಗೈ ಮೌಸಿನ ಮಹಾಸಮರ

ಮಂಗಳವಾರ, ಮಾರ್ಚ್ ೧೧

ಸಮಸ್ತ ಎಡಚ ಕುಲದ ಕೀರ್ತಿಪತಾಕೆಯೂ ಈ ಮನೆಯ ಏಕೈಕ ಎಡಗೈ ಚಕ್ರವರ್ತಿಯೂ ಆದ ನಾನು, ಇಂದು ನನ್ನ ಮೇಲಾದ ಘೋರ ಅನ್ಯಾಯವನ್ನು ಈ ಪುಟದ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಬೆಳಿಗ್ಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿದೆ. ಅಷ್ಟೇ, ನಾನು ಅದಲುಬದಲು ಮಾಡಿಟ್ಟಿದ್ದ ಮೌಸಿನ ಗುಂಡಿಗಳು ಮತ್ತೆ ಬಲಗೈಯವರ ಪಾಲಾದವು. ಸೆಟ್ಟಿಂಗ್‌ನಲ್ಲಿ ‘ಎಡಗೈ’ ಎಂದೇ ಇದೆ. ಆದರೂ ತೋರುಬೆರಳಿನಿಂದ ಒತ್ತಿದರೆ ಫೈಲು ತೆರೆಯುವ ಬದಲು ಮೆನು ಬಾಯಿ ಬಿಡುತ್ತದೆ.

ಅಕ್ಕ ಹಿಂದೆ ನಿಂತು ನಕ್ಕಳು. “ನಿನಗೆ ಬರದಿದ್ರೂ ಕಂಪ್ಯೂಟರಿಗೆ ಬುದ್ಧಿ ಬಂತು ನೋಡೋ. ಇನ್ನಾದ್ರೂ ಬಲಗೈಲಿ ಹಿಡಿ.”

“ತಲೆ ಹೋದ್ರೂ ಹಿಡಿಯಲ್ಲ ಕಣೇ!”

“ರಾತ್ರಿ ಊಟದೊಳಗೆ ಸರಿ ಮಾಡು. ಇಲ್ಲಾಂದ್ರೆ ಇನ್ಮೇಲೆ ಅದು ಬಲಗೈ ಮೌಸೇ.”

ಪೆನ್ಸಿಲನ್ನು ಬಲಗೈಗೆ ತುರುಕಿದ ಮೇಷ್ಟ್ರಿಗೇ ಬಗ್ಗದವನು ಒಂದು ಅಪ್‌ಗ್ರೇಡಿಗೆ ಬಗ್ಗುವೆನೇ? ವೈರು ಕಿತ್ತು ಚುಚ್ಚಿದೆ, ರೀಸ್ಟಾರ್ಟ್ ಮಾಡಿದೆ, ಮಾನಿಟರಿಗೆ ಶಾಪ ಹಾಕಿದೆ. ಕೊನೆಗೆ ಕಳ್ಳ ಸಿಕ್ಕಿಬಿದ್ದ: ಗುಂಡಿ ಬದಲಿಸಲೆಂದು ಹಿಂದೆ ನಾನೇ ಬರೆದಿಟ್ಟಿದ್ದ, ಕಂಪ್ಯೂಟರ್ ಶುರುವಾದಾಗಲೆಲ್ಲ ತಾನಾಗಿ ಓಡುವ ಒಂದು ಸಾಲಿನ ಸ್ಕ್ರಿಪ್ಟ್. ಹಳೆಯ ಲಿನಕ್ಸ್ ಆ ‘ಎಡಗೈ’ ಸೆಟ್ಟಿಂಗಿಗೆ ಕಿವಿಗೊಡುತ್ತಿರಲಿಲ್ಲ. ಹೊಸದು ವಿಧೇಯವಾಗಿ ಗುಂಡಿಗಳನ್ನು ಬದಲಿಸುತ್ತಿದೆ, ನನ್ನ ಸ್ಕ್ರಿಪ್ಟ್ ಅವನ್ನು ಮತ್ತೆ ಬದಲಿಸಿ ಇದ್ದಲ್ಲಿಗೇ ತರುತ್ತಿದೆ!

ಆ ಸಾಲನ್ನು ಅಳಿಸಿ, ಬೀದಿಗೆಲ್ಲ ಕೇಳುವಂತೆ ಜಯಘೋಷ ಮಾಡಿದೆ.

“ಸಾಕು ಬಾರೋ ಚಕ್ರವರ್ತಿ, ಊಟ ಆರ್ತಿದೆ,” ಎಂದಳು ಅಕ್ಕ.

ನಾನು ಸೋತಿಲ್ಲ, ಸೋಲುವವನೂ ಅಲ್ಲ. ಆದರೆ ಆ ಸಾಲನ್ನು ಅಳಿಸುವಾಗ ಮೌಸ್ ನನ್ನ ಬಲಗೈಯಲ್ಲಿತ್ತು. ನಿಜ ಹೇಳಬೇಕೆಂದರೆ ಮಧ್ಯಾಹ್ನದಿಂದಲೂ ಅಲ್ಲೇ ಇತ್ತು. ಹಾಯಾಗಿಯೇ ಇತ್ತು. ಅಕ್ಕನಿಗೆ ಮಾತ್ರ ಇದು ಗೊತ್ತಾಗಬಾರದು.